ಟರ್ಬೊ ಹಾಕಿಸಿದೆ, ಬ್ರೇಕ್ ಬಿಟ್ಟೆ

ಮೂವತ್ತೆರಡು ಸಾವಿರ ರೂಪಾಯಿ. ಕೇಳಿದ್ದು ನಲವತ್ತೊಂದು. ಒಂದು ಲೋಟ ಟೀ ಆರುವುದರೊಳಗೆ ಒಂಬತ್ತು ಸಾವಿರ ಇಳಿಸಿದೆ.

ಮಂಡ್ಯದಲ್ಲಿ ಹಳೇ ಕಾರಿನ ಬಿಡಿಭಾಗ ಮಾರಿ ಅಂಗಡಿ ಕಟ್ಟಿದವನು ನಾನು. ಚೌಕಾಸಿ ಮಾಡದೆ ಒಂದು ಕಟ್ಟು ಸೊಪ್ಪನ್ನೂ ಮನೆಗೆ ತಂದವನಲ್ಲ. ಅವತ್ತು ಮನೆಗೆ ಹೋದವನೇ ಹೆಂಡತಿಗೆ ಹೇಳಿದೆ, ‘ನಿನ್ನ ತಮ್ಮನಿಗೆ ಒಂಬತ್ತು ಸಾವಿರ ಉಳಿಸಿದೀನಿ ಕಣೇ.’

ಆ ಒಂಬತ್ತು ಸಾವಿರ ಯಾವುದರದ್ದು ಅಂತ ಹೇಳುತ್ತೇನೆ, ಕೇಳಿ.

ಹೆಂಡತಿಯ ತಮ್ಮ ಪುಟ್ಟರಾಜು ಮಳವಳ್ಳಿಯ ಹತ್ತಿರದವನು. ವಾರವೆಲ್ಲ ಬಾಡಿಗೆಗೆ ಗೂಡ್ಸ್ ಆಟೋ ಓಡಿಸುತ್ತಾನೆ. ಭಾನುವಾರ ಮಾತ್ರ ಬೇರೆ ಕಸುಬು. ಮನೆಯ ಹಿಂದಿನ ದಿಬ್ಬದ ಜಮೀನಿನಲ್ಲಿ ಬಗ್ಗಿ ಓಡಿಸುವುದು. (ಬಗ್ಗಿ ಅಂದರೆ ಕುದುರೆ ಗಾಡಿ ಅಂದುಕೊಳ್ಳಬೇಡಿ. ಕಬ್ಬಿಣದ ಪೈಪಿನ ಗೂಡು, ದಪ್ಪ ಟೈರು, ಹಿಂದುಗಡೆ ಹಳೇ ಕಾರಿನ ಸಣ್ಣ ಇಂಜಿನ್. ರಸ್ತೆಗೆ ಇಳಿಯುವಂತಿಲ್ಲ, ಮಣ್ಣಿನಲ್ಲೇ ಅದರ ಆಟ.) ಜಲಪಾತ ನೋಡಲು ಬರುವ ಕಾಲೇಜು ಹುಡುಗರು ದಾರಿಯಲ್ಲಿ ಇಳಿದು ಒಂದೊಂದು ರೌಂಡು ಹೊಡೆಸಿಕೊಂಡು ಹೋಗುತ್ತಿದ್ದರು.

ತೊಂದರೆ ಒಂದೇ. ಇಬ್ಬರು ಕೂತರೆ ಗಾಡಿ ದಿಬ್ಬ ಹತ್ತುತ್ತಿರಲಿಲ್ಲ. ಹುಡುಗರು ಇಳಿದು ತಳ್ಳುವುದು, ತಳ್ಳುವುದನ್ನು ವೀಡಿಯೊ ಮಾಡಿ ಹಾಕುವುದು, ಊರೆಲ್ಲ ನಗುವುದು. ಪುಟ್ಟರಾಜುಗೆ ಮೈ ಉರಿಯಿತು.

‘ಭಾವ, ಟರ್ಬೊ ಹಾಕ್ಸ್‌ಬುಡಾನ’ ಅಂದ.

ಟರ್ಬೊ ಅಂದರೆ ಬ್ರಹ್ಮವಿದ್ಯೆ ಏನಲ್ಲ. ಸೈಲೆನ್ಸರಿಗೆ ಹೋಗುವ ಹೊಗೆಯ ರಭಸದಲ್ಲೇ ಒಂದು ಪುಟ್ಟ ಚಕ್ರ ತಿರುಗುತ್ತದೆ. ಆ ಚಕ್ರ ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಶಕ್ತಿ. ಗುಜರಿಗೆ ಬಂದ ಡೀಸೆಲ್ ಕಾರಿನದ್ದೊಂದು ನನ್ನ ಅಂಗಡಿಯಲ್ಲೇ ಬಿದ್ದಿತ್ತು.

ಅದನ್ನು ಕೂರಿಸಲು ಮೆಕ್ಯಾನಿಕ್ ಸಿದ್ದ ಒಪ್ಪಿದ. ಕೊತ್ತತ್ತಿಯವನು, ಮದ್ದೂರಿನ ಹತ್ತಿರ ಶೆಡ್ ಇಟ್ಟಿದ್ದಾನೆ. ಆಲೆಮನೆಗಳ ಇಂಜಿನ್ ರಿಪೇರಿ ಮಾಡಿ ಕೈ ಪಳಗಿದವನು. ರಟ್ಟಿನ ಮೇಲೆ ಎಸ್ಟಿಮೇಟ್ ಬರೆದುಕೊಟ್ಟ. ಟರ್ಬೊ ರಿಪೇರಿ, ಆಯಿಲ್ ಪೈಪು, ಗ್ಯಾಸ್ಕೆಟ್, ಕೂಲಿ. ಕೊನೆಯಲ್ಲಿ ಎರಡು ಸಾಲು: ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು, ಸೀಟಿಗೆ ಭುಜದ ಬೆಲ್ಟು. ಎರಡೂ ಸೇರಿ ಒಂಬತ್ತು ಸಾವಿರ.

ನಾನು ಪೆನ್ನು ತೆಗೆದು ಎರಡೂ ಸಾಲು ಹೊಡೆದುಹಾಕಿದೆ.

‘ಅಣ್ಣೋ, ಇಂಜಿನ್‌ಗೆ ಸಕ್ತಿ ಬಂದ್ರೆ ಬ್ರೇಕ್‌ಗೂ ಬರ್ಬೇಕು ಕಣಣ್ಣೋ’ ಅಂದ ಸಿದ್ದ.

‘ಲೇ ಸಿದ್ದ, ದುಡ್ಡು ಕೊಡ್ತಿರೋದು ಓಡ್ಲಿ ಅಂತ ಕಣ್ಲಾ, ನಿಂತ್ಕಳ್ಳಿ ಅಂತಲ್ಲ!’

ಶೆಡ್ಡಿನಲ್ಲಿ ಇದ್ದವರೆಲ್ಲ ನಕ್ಕರು. ಪುಟ್ಟರಾಜು ಎಲ್ಲರಿಗಿಂತ ಜೋರಾಗಿ ನಕ್ಕ. ಸಿದ್ದ ನಗಲಿಲ್ಲ. ‘ಸರಿ ಬುಡಿ. ನಾನಂತೂ ಯೋಳಿವ್ನಿ’ ಅಂದು ಸ್ಪ್ಯಾನರ್ ಎತ್ತಿಕೊಂಡ.

ನಮ್ಮ ಕಡೆ ಎತ್ತು ತರಲಿ, ಟ್ರಾಕ್ಟರ್ ತರಲಿ, ಜನ ಕೇಳುವುದು ಒಂದೇ ಮಾತು: ‘ಎಳೀತದಾ?’ ಆಲೆಮನೆ ಇಂಜಿನ್ನನ್ನೂ ಹಾಗೇ ನೋಡುವುದು. ಗಾಣಕ್ಕೆ ಕಬ್ಬು ಕೊಟ್ಟು ಹೊತ್ತು ಮುಳುಗುವ ತನಕ ಓಡಿಸಿದರೆ ಪಾಸು. ನಾವು ಬಗ್ಗಿಗೂ ಅದೇ ಪರೀಕ್ಷೆ ಇಟ್ಟೆವು. ಹಿಂದೆ ಕಬ್ಬು ತುಂಬಿದ ಸಣ್ಣ ಟ್ರೇಲರ್ ಕಟ್ಟಿದೆವು. ಎಳೆಯಿತು. ದಿಬ್ಬದ ತುದಿಯವರೆಗೂ ಎಳೆಯಿತು! ಶಿಳ್ಳೆ ಹೊಡೆದವನು ನಾನೇ.

ಅಷ್ಟು ಭಾರ ಕಟ್ಟಿದ ಗಾಡಿಗೆ ವೇಗ ಎಲ್ಲಿಂದ ಬರಬೇಕು? ಬ್ರೇಕಿಗೆ ಅವತ್ತು ಕೆಲಸವೇ ಇರಲಿಲ್ಲ. ಇದು ನಮ್ಮ ಮೂವರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ.

ಮಾರನೇ ಭಾನುವಾರ ಬೆಳಿಗ್ಗೆ, ಗಿರಾಕಿಗಳು ಬರುವ ಮುಂಚೆ, ಪುಟ್ಟರಾಜು ಒಬ್ಬನೇ ಹತ್ತಿದ. ಟ್ರೇಲರ್ ಇಲ್ಲ. ದಿಬ್ಬದ ಬುಡದಲ್ಲಿ ಆಕ್ಸಿಲರೇಟರ್ ಒತ್ತಿದ. ಟರ್ಬೊ ಚಕ್ರ ವೇಗ ಹಿಡಿಯಲು ಒಂದು ಗಳಿಗೆ ಬೇಕು. ಅವನಿಗೆ ಅದು ಗೊತ್ತಿಲ್ಲ. ಇನ್ನೂ ಒತ್ತಿದ. ಆಮೇಲೆ ಶಕ್ತಿ ಒಟ್ಟಿಗೇ ಬಂತು. ಗಾಡಿ ದಿಬ್ಬ ಹಾರಿ ಆ ಕಡೆ ಇಳಿಜಾರಿಗೆ ಬಿತ್ತು. ಬ್ರೇಕ್ ತುಳಿದ. ಹಳೇ ಬ್ರೇಕು, ಅದೂ ಹಿಂದಿನ ಚಕ್ರಕ್ಕೆ ಮಾತ್ರ. ಗಾಡಿ ಜಲ್ಲಿಯ ಮೇಲೆ ಜಾರಿ ಬಲಕ್ಕೆ ಮಗುಚಿತು. ಬೆಲ್ಟ್ ಇಲ್ಲದವನು ಏನು ಮಾಡುತ್ತಾನೆ? ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. ಅವನು ಪಕ್ಕದ ಪೈಪನ್ನು ಹಿಡಿದುಕೊಂಡ.

ಪೈಪಿಗೂ ಬಂಡೆಗೂ ನಡುವೆ ಸಿಕ್ಕಿದ್ದು ಬಲಗೈ.

ಮಂಡ್ಯದ ಆಸ್ಪತ್ರೆಯಲ್ಲಿ ಡಾಕ್ಟರು ಕೈಯನ್ನು ಮಣಿಕಟ್ಟಿನ ಮೇಲೆ ಕತ್ತರಿಸಿ ತೆಗೆದುಬಿಟ್ಟರು. ಪುಟ್ಟರಾಜುಗೆ ಎಚ್ಚರ ಬಂದಾಗ ನೋವು ಅನ್ನಲಿಲ್ಲ. ‘ಭಾವ, ಆಟೋದ ಆಕ್ಸಿಲರೇಟರ್ ಬಲಗೈಲಲ್ವಾ ಇರೋದು?’ ಅಂದ. ನಾನು ‘ಹ್ಞೂಂ’ ಅಂದೆ.

ಸಂಜೆ ಸಿದ್ದ ಬಂದ. ‘ನಾನ್ ಆವತ್ತೇ ಯೋಳ್ಳಿಲ್ವಾ’ ಅಂತ ಬೈಯಲಿ ಅಂತ ಕಾದೆ. ಬೈಯಲಿಲ್ಲ. ‘ಬ್ರೇಕ್ ಆಕ್ದೆ ನಾನ್ ಕೆಲ್ಸ ಇಡ್ಕೋಬಾರ್ದಿತ್ತು ಕಣಣ್ಣ’ ಅಂದು ಗೋಡೆಗೆ ಒರಗಿ ನಿಂತ.

ಬಾಗಿಲ ಹತ್ತಿರ ಕೂತಿದ್ದ ಪುಟ್ಟರಾಜುವಿನ ಹೆಂಡತಿ ಸುಮಿತ್ರ ಎದ್ದು ಬಂದಳು. ನನ್ನನ್ನೇ ನೋಡಿ ಕೇಳಿದಳು.

‘ಅಣ್ಣ, ಆ ಒಂಬತ್ ಸಾವ್ರ ಉಳ್ಸುದ್ರಲ್ಲ, ಎಲ್ ಮಡಗಿದ್ದೀರಿ?’



ಬಗ್ಗಿ ಈಗಲೂ ದಿಬ್ಬದ ಬುಡದಲ್ಲಿ ಮಗುಚಿಕೊಂಡೇ ಇದೆ. ಕೊಳ್ಳಲು ಇಬ್ಬರು ಬಂದಿದ್ದರು. ಇಬ್ಬರೂ ಕೇಳಿದ್ದು ಅದನ್ನೇ: ‘ಎಳೀತದಾ?’ ವಾಪಸ್ ಕಳಿಸಿದೆ.

ಸಲಹೆ ಕೊಡುವ ಯೋಗ್ಯತೆ ಉಳಿದಿದೆಯೋ ಇಲ್ಲವೋ, ಕೊಡುತ್ತೇನೆ. ಇಂಜಿನ್ನಿಗೆ ಶಕ್ತಿ ಹಾಕಿಸುವವರು ಮೊದಲು ಬ್ರೇಕು, ಬೆಲ್ಟು ಹಾಕಿಸಿ; ದುಡ್ಡು ಮಿಕ್ಕರೆ ಟರ್ಬೊ ನೋಡೋಣ. ಮೊದಲ ಟ್ರಯಲ್ ಸಮತಟ್ಟು ನೆಲದಲ್ಲಿ, ಖಾಲಿ ಗಾಡಿಯಲ್ಲಿ, ನಿಧಾನಕ್ಕೆ. ಎಷ್ಟು ದೂರಕ್ಕೆ ನಿಲ್ಲುತ್ತದೆ ಅಂತ ಹೆಜ್ಜೆ ಹಾಕಿ ಅಳೆಯಿರಿ. ದಿಬ್ಬ ಎಲ್ಲೂ ಓಡಿಹೋಗುವುದಿಲ್ಲ. ಚೌಕಾಸಿ ಮಾಡಲೇಬೇಕು ಅಂತ ನಾಲಿಗೆ ತುರಿಸಿದರೆ ಪೇಂಟಿಗೆ ಮಾಡಿ, ಸೀಟಿನ ಕವರಿಗೆ ಮಾಡಿ, ಹಾರನ್ನಿಗೆ ಮಾಡಿ.

ಬ್ರೇಕಿಗೆ ಎಷ್ಟು ಕೇಳಿದರೋ ಅಷ್ಟನ್ನೂ ಬಾಯಿ ಮುಚ್ಚಿಕೊಂಡು ಕೊಡಿ.