ಬಾಗಿಲಿಗೆ ಬಂದು ಹೇಳಿದವರು

ಬಿಸಿಲಿಗೆ ಎಲ್ಲರಿಗೂ ಮುಖ ಕಪ್ಪಾದರೆ ಅವರಿಗೆ ಕತ್ತು ಕಪ್ಪಾಗಿತ್ತು. ಗದ್ದದ ಕೆಳಗೆ, ಬೇರೆಯವರಿಗೆ ಸದಾ ನೆರಳಿರುವ ಜಾಗದಲ್ಲಿ, ಕಾಸಿದ ಬೆಲ್ಲದ ಬಣ್ಣ. ದಿನವಿಡೀ ತಲೆಯೆತ್ತಿ ಡ್ರೋನ್ ನೋಡುತ್ತಿದ್ದುದರ ಗುರುತು ಅದು. ಮೊದಲ ಸಲ ನಮ್ಮ ಮನೆಗೆ ನೀರು ಕೇಳಿಕೊಂಡು ಬಂದು, ಚೊಂಬನ್ನು ಮೇಲಕ್ಕೆತ್ತಿ ಗಟಗಟ ಕುಡಿದಾಗ ನನ್ನ ಕಣ್ಣಿಗೆ ಬಿದ್ದದ್ದು ಆ ಕತ್ತೇ.

ಊರಿನವರು ಅವರನ್ನು ಡ್ರೋನ್ ಮೇಡಂ ಅನ್ನುತ್ತಿದ್ದರು. ನಾನು ಬರೀ ಮೇಡಂ ಅನ್ನುತ್ತಿದ್ದೆ. ಜಡಿಗೇನಹಳ್ಳಿ ಕಡೆ ನಮ್ಮದು ರೇಷ್ಮೆ ಹುಳ ಸಾಕುವ ಮನೆ. ನನ್ನ ಗಂಡ ಹೊಸಕೋಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಹುಳ, ಸೊಪ್ಪು, ತೋಟ ಎಲ್ಲ ನನ್ನದು ಮತ್ತು ಅತ್ತೆಯದು. ನಮ್ಮ ಹಿಪ್ಪುನೇರಳೆ ತೋಟಕ್ಕೆ ಮೂಡಣದಲ್ಲಿ ಒತ್ತಿಕೊಂಡಿದ್ದ ಟೊಮೆಟೊ ಹೊಲವನ್ನು ಮೇಡಮ್ಮಿನ ಕಂಪನಿ ಗುತ್ತಿಗೆಗೆ ಹಿಡಿದಿತ್ತು. ಅಲ್ಲಿ ಅವರು ಔಷಧಿ ಹೊಡೆಯುವ ಡ್ರೋನನ್ನು ಹಾರಿಸಿ ಪರೀಕ್ಷೆ ಮಾಡುತ್ತಿದ್ದರು.

ಅವರು ದೊಡ್ಡಬಳ್ಳಾಪುರದ ಮಗ್ಗದ ಮನೆಯ ಮಗಳು. ಮಾತು ಜೋರು. ಎದುರಿಗೆ ನಿಂತವರ ಜೊತೆಗೂ ಆಚೆ ಬೀದಿಯವರನ್ನು ಕರೆದಂತೆ ಮಾತಾಡುತ್ತಿದ್ದರು. ವಿಮಾನಗಳ ರೆಕ್ಕೆಯ ಲೆಕ್ಕ ಮಾಡುವ ದೊಡ್ಡ ಕೆಲಸದಲ್ಲಿದ್ದವರು, ನಲವತ್ತು ದಾಟಿದ ಮೇಲೆ ಅದನ್ನು ಬಿಟ್ಟು ಈ ಕಂಪನಿ ಕಟ್ಟಿದ್ದರು. ಮದುವೆಯಾಗಿರಲಿಲ್ಲ. ಕೃಷಿಯಲ್ಲಿ ಹೊಸದನ್ನು ತಂದ ಮಹಿಳೆ ಎಂದು ಸಭೆಗಳಿಗೆ ಕರೆದು ಶಾಲು ಹೊದಿಸುತ್ತಿದ್ದರು. ಆ ಶಾಲುಗಳನ್ನೆಲ್ಲ ಅವರು ಹೊಲಕ್ಕೆ ತಂದು, ಬಿಸಿಲಿಗೆ ಕಾಯದಿರಲಿ ಅಂತ ಬ್ಯಾಟರಿಗಳಿಗೆ ಹೊದಿಸಿಡುತ್ತಿದ್ದರು.

ನಮ್ಮ ಮನೆಯ ಕಾಫಿ ಅವರಿಗೆ ರೂಢಿಯಾಯಿತು. ಕುಡಿಯುತ್ತಿದ್ದುದು ಅರ್ಧ ಮಾತ್ರ. ಏನೋ ನೆನಪಾಗಿ ಲೋಟವನ್ನು ಬದುವಿನ ಮೇಲಿಟ್ಟು ಓಡುತ್ತಿದ್ದರು. ಸಂಜೆ ಸೊಪ್ಪು ಕೊಯ್ಯಲು ಹೋದಾಗ ಬದುವಿನುದ್ದಕ್ಕೂ ನಮ್ಮ ಲೋಟಗಳನ್ನು ಆರಿಸಿಕೊಂಡು ಬರುವುದು ನನ್ನ ಕೆಲಸ. "ಆವಮ್ಮಂಗೆ ಕಾಫಿ ಕೊಡೋದು ಒಂದೇ, ಇರುವೆಗೆ ಕೊಡೋದು ಒಂದೇ," ಎಂದು ಅತ್ತೆ ಗೊಣಗುತ್ತಿದ್ದರು.

ಯಾಕೆ ಮೇಡಂ ಇಷ್ಟು ಕಷ್ಟ ಎಂದು ಒಮ್ಮೆ ಕೇಳಿದೆ. ದ್ರಾಕ್ಷಿ ತೋಟದಲ್ಲಿ ಔಷಧಿ ಹೊಡೆಯುತ್ತಿದ್ದ ಮನುಷ್ಯನೊಬ್ಬ ಬೆನ್ನ ಮೇಲಿನ ಕ್ಯಾನಿನ ಸಮೇತ ಕುಸಿದದ್ದನ್ನು ಅವರು ಕಣ್ಣಾರೆ ನೋಡಿದ್ದರಂತೆ. "ಮನುಷ್ಯ ಬೆನ್ನ ಮೇಲೆ ವಿಷ ಹೊತ್ಕೊಂಡು ನಡೆಯೋದು ನಿಲ್ಬೇಕು ಕಣಮ್ಮ. ಮಿಷನ್ ಹೊತ್ಕೊಳ್ಳಲಿ. ಅದಕ್ಕೆ ಶ್ವಾಸಕೋಶ ಇಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ನಂಗೆ ದಾರ ಗೊತ್ತು, ಹುಳ ಗೊತ್ತಿಲ್ಲ. ನಿಮ್ಮ ಹುಳ ತೋರಿಸ್ತೀಯಾ?" ಎಂದು ಕೇಳಿದರು. ಕೈಕಾಲು ತೊಳೆಸಿ ಹುಳದ ಮನೆಗೆ ಕರೆದೊಯ್ದೆ. ಸೊಪ್ಪು ಮೇಯುತ್ತಿದ್ದ ಹುಳಗಳ ಮುಂದೆ ಅವರು ಜೀವನದಲ್ಲಿ ಮೊದಲ ಸಲ ಮೆತ್ತಗೆ ಮಾತಾಡಿದರು ಅನ್ನಿಸುತ್ತದೆ.

ಆದರೆ ಕಂಪನಿ ಸೋಲುತ್ತಿತ್ತು. ಅದನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ, ನಮಗೆ ಕಾಣುತ್ತಿತ್ತು. ವ್ಯಾನಿನ ತುಂಬ ಬರುತ್ತಿದ್ದ ಎಂಜಿನಿಯರುಗಳು ಒಬ್ಬೊಬ್ಬರಾಗಿ ಕಡಿಮೆಯಾದರು. ಕೊನೆಗೆ ಡ್ರೋನ್ ಹಾರಿಸುವ ಪೈಲಟ್ ಒಬ್ಬರು, ಮೇಡಂ ಒಬ್ಬರು. ಬೆಂಗಳೂರಿನ ಇನ್ವೆಸ್ಟರುಗಳು ಬಂದು ನೋಡಿ ಒಪ್ಪಿದರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಪೈಲಟ್ ಹೇಳಿದ್ದರು. ಅವರು ಬರುವ ಹಿಂದಿನ ದಿನ ಮೇಡಂ ನಮ್ಮ ಜಗಲಿಯ ಮೇಲೆ ಕೂತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ಬೆಳಗ್ಗೆ ಬೇಗ ಬಂದ್ಬಿಟ್ರೆ ಸಾಕು. ಗಾಳಿ ಏಳೋಕೆ ಮುಂಚೆ ಬಂದ್ಬಿಟ್ರೆ ಸಾಕು."

ಇನ್ವೆಸ್ಟರುಗಳು ಬೇಗ ಬರಲಿಲ್ಲ. ದಾರಿಯಲ್ಲಿ ಟ್ರಾಫಿಕ್ ಎಂದು ಫೋನು ಮಾಡಿದರು. ಎರಡು ಕಾರು ಬಂದು ನಿಲ್ಲುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು, ಮೂಡಗಾಳಿ ಎದ್ದಿತ್ತು. ನಾನು ಕಾಫಿ ತಟ್ಟೆ ಹಿಡಿದು ಬದುವಿನ ಮೇಲಿದ್ದೆ. ಮೇಡಂ ಯಾವಾಗಲೂ ಮಾಡುವಂತೆ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಮೇಲೆತ್ತಿ ಗಾಳಿ ನೋಡಿದರು. ಹಾಗೇ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಆಮೇಲೆ ಬೆರಳನ್ನು ದುಪಟ್ಟಾಕ್ಕೆ ಒರೆಸಿಕೊಂಡು ಪೈಲಟ್ ಕಡೆ ತಲೆಯಾಡಿಸಿದರು. ಡ್ರೋನ್ ಮೇಲೆದ್ದಿತು. ಬಂದವರು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರು, ಕೈ ಕುಲುಕಿದರು. ಮೇಡಮ್ಮನ್ನು ತಮ್ಮ ಕಾರಿನಲ್ಲೇ ಊಟಕ್ಕೆ ಕರೆದುಕೊಂಡು ಹೋದರು.

ಆ ಸಂಜೆ ನಾನು ಆ ಹೊಲದ ಕಡೆಯ ಸಾಲುಗಳಿಂದಲೇ ಸೊಪ್ಪು ಕೊಯ್ದೆ. ನಮ್ಮ ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು, ಕೊನೆಯ ಹಂತದಲ್ಲಿ ಬಕಾಸುರರಂತೆ ತಿನ್ನುತ್ತಿದ್ದವು. ಇನ್ನು ಕೆಲವು ದಿನ ಕಳೆದಿದ್ದರೆ ಗೂಡು ಕಟ್ಟುತ್ತಿದ್ದವು. ಸಂಜೆ ಹಾಕಿದೆ, ಬೆಳಗ್ಗೆ ಮತ್ತೆ ಅದೇ ಸೊಪ್ಪು ಹಾಕಿದೆ. ಬಿಸಿಲೇರುವ ಹೊತ್ತಿಗೆ ಹುಳಗಳು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಅತ್ತಿತ್ತ ಆಡಿಸತೊಡಗಿದವು. ಬಾಯಿಂದ ಹಸಿರು ರಸ. ಬೆರಳುದ್ದದ ಹುಳ ಕುಗ್ಗಿ ಕುಗ್ಗಿ ಅರ್ಧವಾಯಿತು. ಒಂದು ಸಾಲಿನಿಂದ ಶುರುವಾದದ್ದು ನೋಡನೋಡುತ್ತ ಇಡೀ ಮನೆಗೆ ಹಬ್ಬಿತು. ನಾನು ಸೊಪ್ಪು ತೆಗೆದೆ, ಕಿಟಕಿ ತೆರೆದೆ, ಫ್ಯಾನು ಹಾಕಿದೆ. ಏನು ಮಾಡಿದರೂ ನಿಲ್ಲಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. "ಮುಟ್ಟಾಗಿದ್ದಾಗ ಒಳಗ್ ಬಂದಿದ್ಯಾ?" ಎಂದರು.

"ಇಲ್ಲ ಅತ್ತೆ."

"ಸುಳ್ ಹೇಳ್ಬೇಡ. ಸುಮ್ಸುಮ್ನೆ ಹಿಂಗ್ ಸಾಯಲ್ಲ ಹುಳ."

ಅಕ್ಕಪಕ್ಕದ ಹೆಂಗಸರು ಬಂದರು. ಅವರ ಮುಂದೆಯೂ ಅದೇ ಮಾತು. ಗಂಡ ಶಿಫ್ಟ್ ಮುಗಿಸಿ ಬಂದರು, ಕೇಳಿದರು, ಏನೂ ಹೇಳದೆ ಸಲಿಕೆ ಹಿಡಿದು ಗುಂಡಿ ತೋಡಲು ಹೋದರು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸುಮ್ಮನಿರುವಿಕೆಯನ್ನು ತಡೆಯಲಾಗಲಿಲ್ಲ. ನಾನು ಸತ್ತ ಹುಳಗಳನ್ನು ಬುಟ್ಟಿಗೆ ತುಂಬುತ್ತ, ನಿಜವಾಗಿಯೂ ನಾನೇ ಏನಾದರೂ ಮಾಡಿರಬಹುದೇ ಎಂದು ದಿನಗಳನ್ನು ಹಿಂದಕ್ಕೆ ಎಣಿಸತೊಡಗಿದೆ. ಇನ್ನೊಂದು ಗಳಿಗೆ ಹೋಗಿದ್ದರೆ ಹೌದು ಎಂದೇ ಒಪ್ಪಿಕೊಳ್ಳುತ್ತಿದ್ದೆನೇನೋ.

ದೀಪ ಹಚ್ಚುವ ಹೊತ್ತಿಗೆ ಮೇಡಂ ಬಂದರು. ಚಪ್ಪಲಿ ಅಂಗಳದಲ್ಲೇ ಬಿಟ್ಟು ಬಾಗಿಲ ಹೊರಗೆ ನಿಂತರು. ಬುಟ್ಟಿಯನ್ನು ನೋಡಿದರು.

"ಇದು ನನ್ನಿಂದ ಆಗಿದ್ದು," ಎಂದರು. "ನಿನ್ನೆ ಗಾಳಿ ನಿಮ್ಮ ಕಡೆಗಿತ್ತು. ನಾನು ನೋಡ್ದೆ. ನೋಡಿದ್ಮೇಲೂ ಹಾರಿಸ್ದೆ. ಔಷಧಿ ನಿಮ್ಮ ಸೊಪ್ಪಿನ ಮೇಲೆ ಬಿದ್ದಿದೆ."

ಬುಟ್ಟಿ ಕೆಳಗಿಟ್ಟು ನಾನೇ ಕೇಳಿದೆ: "ನಿನ್ನೆನೇ ಗೊತ್ತಿತ್ತಾ ಮೇಡಂ?"

"ಗೊತ್ತಿತ್ತು."

"ನಿನ್ನೆ ಸಂಜೆ ಹೇಳಿದ್ರೆ ಆ ಸೊಪ್ಪು ಹಾಕ್ತಾನೇ ಇರ್ಲಿಲ್ಲ ನಾನು."

"ಗೊತ್ತು ಕಣಮ್ಮ. ಏನೂ ಆಗಲ್ವೇನೋ ಅಂದ್ಕೊಂಡೆ. ಅವ್ರು ಕೈ ಕುಲುಕಿದ್ರಲ್ಲ, ಆ ಸಂತೋಷದಲ್ಲಿ ಹಂಗಂದ್ಕೊಳ್ಳೋದು ಸುಲಭ ಆಗಿತ್ತು."

ಅತ್ತೆ ಹೊಸಿಲು ದಾಟಿ ಹೊರಗೆ ಬಂದರು. ಹೊಡೆದೇಬಿಡುತ್ತಾರೆ ಎಂದು ನನಗೆ ಭಯವಾಯಿತು. "ನನ್ ಸೊಸೇನ ಬೆಳಗ್ಗಿಂದ ಬಾಯಿಗ್ ಬಂದಂಗೆ ಬೈದಿದ್ದೀನಿ," ಎಂದರು. "ಊರೋರ್ ಮುಂದೆ ಬೈದಿದ್ದೀನಿ. ಅದನ್ನ ಹೆಂಗ್ ವಾಪಸ್ ತಗೊಳ್ಳಲಿ ನಾನು? ಹೇಳು ನೀನು, ಹೆಂಗ್ ತಗೊಳ್ಳಲಿ?"

ಮೇಡಂ ಕೈಮುಗಿದುಕೊಂಡು ಅಲ್ಲೇ ಕುಸಿದು ಕೂತರು.

ಕಂಪನಿಯ ವಕೀಲರು ಬಾಯಿಬಿಡಬೇಡಿ ಎಂದಿದ್ದರಂತೆ. ತಪ್ಪನ್ನು ಹವಾಗುಣದ ಮೇಲೆ, ಹುಳದ ಮೊಟ್ಟೆಯ ಮೇಲೆ, ಯಾವುದರ ಮೇಲೆ ಬೇಕಾದರೂ ಹಾಕಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ನಮಗೆ ಹೇಳಿದ್ದಲ್ಲದೆ ಇನ್ವೆಸ್ಟರುಗಳಿಗೂ ತಾವೇ ಫೋನು ಮಾಡಿ ಹೇಳಿದರು. ಅಲ್ಲಿಗೆ ಆ ಮಾತುಕತೆ ಮುಗಿಯಿತು. ನಮ್ಮ ನಷ್ಟವನ್ನು ತುಂಬಿಕೊಟ್ಟರು. ಕೆಲವು ತಿಂಗಳಲ್ಲಿ ಹೊಸಕೋಟೆಯ ಆಫೀಸು ಖಾಲಿಯಾಯಿತು.

ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡಿದ್ದೆವು. ಆದರೆ ಬಂದರು, ಬಸ್ಸಿನಲ್ಲಿ, ಹಳದಿ ಕಾಗದದ ಚೂರುಗಳ ಒಂದು ಡಬ್ಬಿ ಹಿಡಿದುಕೊಂಡು. ಆ ಕಾಗದದ ಮೇಲೆ ನೀರಿನ ಹನಿ ಬಿದ್ದರೆ ನೀಲಿ ಚುಕ್ಕೆ ಮೂಡುತ್ತದೆ. ಅದನ್ನು ನಮ್ಮ ಸೊಪ್ಪಿನ ಸಾಲುಗಳಿಗೆ ಕಟ್ಟಿ, ಅವರು ಉಳಿಸಿಕೊಂಡಿದ್ದ ಒಂದೇ ಡ್ರೋನಿನಲ್ಲಿ ಬರೀ ನೀರು ತುಂಬಿ ಹಾರಿಸಿದರೆ, ಯಾವ ಗಾಳಿಗೆ ಹನಿ ಎಲ್ಲಿಯವರೆಗೆ ಬರುತ್ತದೆಂದು ತಿಳಿಯುತ್ತದೆ. "ನಿಮ್ಮ ತೋಟದಲ್ಲಿ ಕಟ್ಟಕ್ಕೆ ಬಿಡ್ತೀರಾ?" ಎಂದು ಅತ್ತೆಯನ್ನು ಕೇಳಿದರು. ಅತ್ತೆ ಒಂದು ಚೂರನ್ನು ತೆಗೆದು ತಿರುಗಿಸಿ ನೋಡಿ, "ಬರೀ ನೀರೇ ತಾನೆ?" ಎಂದರು.

ಹೀಗೆ ನಾನು ಅವರ ಕೆಲಸಕ್ಕೆ ಸೇರಿಕೊಂಡೆ. ನಾನು ಕಟ್ಟುವುದು, ಬಿಚ್ಚುವುದು; ಅವರು ಚುಕ್ಕೆ ನೋಡಿ ಮುಖ ಸಣ್ಣದು ಮಾಡಿಕೊಳ್ಳುವುದು. ಅಂದುಕೊಂಡದ್ದಕ್ಕಿಂತ ಎಷ್ಟೋ ದೂರಕ್ಕೆ ಹನಿ ಬರುತ್ತಿತ್ತು. ಸೊಪ್ಪಿನ ತೋಟದ ಕಡೆಗೆ ಗಾಳಿ ಬೀಸುತ್ತಿದ್ದರೆ ಯಾರು ಎಷ್ಟೇ ಗುಂಡಿ ಒತ್ತಿದರೂ ಮೇಲೇಳದಂಥ ಡ್ರೋನನ್ನು ಅವರು ಕೊನೆಗೂ ಮಾಡಿದರು. "ಮನುಷ್ಯನ ಕೈಗೆ ಬಿಡಬಾರ್ದು ಕಣಮ್ಮ. ಕಾರಲ್ಲಿ ದೊಡ್ಡೋರು ಬಂದು ನಿಂತಿದ್ರೆ ಮನುಷ್ಯ ಹಾರಿಸ್ಬಿಡ್ತಾನೆ," ಎನ್ನುತ್ತಿದ್ದರು.

ಅದಕ್ಕೆ ದುಡ್ಡು ಹಾಕುವವರನ್ನು ಹುಡುಕಿಕೊಂಡು ಹೋಗುವಾಗ ಒಮ್ಮೆ ನನ್ನನ್ನೂ ಕರೆದೊಯ್ದರು. ಬೆಂಗಳೂರಿನ ಗಾಜಿನ ಕಟ್ಟಡ, ಒಳಗೆ ಚಳಿ. ಹುಳ ಸತ್ತದ್ದನ್ನು ನಾನು ಹೇಳಿದೆ. ಎಲ್ಲರೂ ಗಮನವಿಟ್ಟು ಕೇಳಿದರು, ಒಬ್ಬರು ಕಣ್ಣನ್ನೂ ಒರೆಸಿಕೊಂಡರು. ಆಮೇಲೆ ಅವರೇ ಕೇಳಿದರು: "ಮೇಡಂ, ಬೇರೆಯವ್ರ ಡ್ರೋನ್ ದಿನಪೂರ್ತಿ ಹಾರತ್ತೆ. ನಿಮ್ದು ಅರ್ಧ ದಿನ ನಿಂತಿರತ್ತೆ. ನಿಂತಿರೋದನ್ನ ನಾವು ಹೆಂಗೆ ಮಾರೋದು?"

"ಒಂದು ಸೀಸನ್ ಕೊಡಿ," ಎಂದರು ಮೇಡಂ. "ಒಂದೇ ಒಂದು ಸೀಸನ್. ಸಂಬಳ ಬೇಡ ನಂಗೆ. ಮಿಷನ್‌ಗೆ ಮಾತ್ರ ಕೊಡಿ." ದುಡ್ಡಿನವರು ಎದ್ದು ನಿಂತ ಮೇಲೂ ಮೇಡಂ ಕೂತೇ ಕೇಳಿಕೊಳ್ಳುತ್ತಿದ್ದರು. ನಾನು ನೆಲ ನೋಡಿದೆ. ಲಿಫ್ಟಿನಲ್ಲಿ ಕನ್ನಡಿಗೆ ಹಣೆಯೊತ್ತಿ ನಿಂತು ಅವರು ಹೇಳಿದ್ದು ಇಷ್ಟು: "ಎಲ್ಲಾ ಒಳ್ಳೇವ್ರೇ ಕಣಮ್ಮ. ಒಬ್ರೂ ಕೆಟ್ಟೋರಲ್ಲ. ಕೆಟ್ಟೋರಾಗಿದ್ರೆ ಜಗಳನಾದ್ರೂ ಆಡ್ಬೋದಿತ್ತು."

ಅಂಥ ಎಷ್ಟು ಕಟ್ಟಡಗಳನ್ನು ಹತ್ತಿ ಇಳಿದರೋ ನನಗೆ ಗೊತ್ತಿಲ್ಲ. ಬಂದಾಗಲೆಲ್ಲ ಇನ್ನಷ್ಟು ಸೊರಗಿರುತ್ತಿದ್ದರು. ಅಲೆದಾಟಕ್ಕೆ ಅಂದುಕೊಂಡೆವು. ಹೊಟ್ಟೆಯಲ್ಲಿ ಗಡ್ಡೆ ಬೆಳೆಯುತ್ತಿದೆಯೆಂದು ಅವರು ಹೇಳಿದ್ದು ಕೊನೆಯ ಸಲ ಬಂದಾಗ, ಅದೂ ಊಟಕ್ಕೆ ಏಳಿ ಎಂದು ಅತ್ತೆ ಬಲವಂತ ಮಾಡಿದ್ದಕ್ಕೆ. ಆ ಡ್ರೋನಿನ ಲೆಕ್ಕಾಚಾರವನ್ನೆಲ್ಲ ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಳ್ಳಲಿ ಅಂತ ಇಂಟರ್ನೆಟ್ಟಿಗೆ ಹಾಕಿದ್ದರು. ಜಗಲಿಯ ಮೇಲೆ ಕೂತಿದ್ದಷ್ಟು ಹೊತ್ತೂ ಮೊಬೈಲ್ ತೆಗೆದು ನೋಡುತ್ತಿದ್ದರು. ನಾನು ಯಾರಾದ್ರೂ ತಗೊಂಡ್ರಾ ಎಂದೆ. ಇನ್ನೂ ಇಲ್ಲ ಎಂದು ತಲೆಯಾಡಿಸಿದರು.

ಈಗಲೂ ಯಾರೂ ತೆಗೆದುಕೊಂಡ ಹಾಗಿಲ್ಲ. ನಮ್ಮ ಕಡೆ ಬೇರೆ ಬೇರೆ ಕಂಪನಿಗಳ ಡ್ರೋನುಗಳು ಹಾರುತ್ತವೆ. ಸದ್ದು ಕೇಳಿದರೆ ನಾನು ಮಾಡುತ್ತಿದ್ದ ಕೆಲಸ ಬಿಟ್ಟು ಓಡುತ್ತೇನೆ, ಗಾಳಿ ಈ ಕಡೆಗಿದೆ, ಇಳಿಸಿ ಎಂದು ಕೂಗುತ್ತೇನೆ. ಕೆಲವರು ಇಳಿಸುತ್ತಾರೆ. ಕೆಲವರು ಕೇಳಿಸದವರಂತೆ ಇರುತ್ತಾರೆ. ಆ ಒಂದು ರಾತ್ರಿಯ ತಡವನ್ನು ನಾನು ಪೂರ್ತಿ ಕ್ಷಮಿಸಿದ್ದೇನೆಂದು ಹೇಳಲಾರೆ. ಆದರೆ ಕಳಪೆ ಮೊಟ್ಟೆ ಕೊಟ್ಟವರು, ನಕಲಿ ಔಷಧಿ ಮಾರಿದವರು ನಮ್ಮ ಬದುಕಿನಲ್ಲಿ ಎಷ್ಟೋ ಜನ ಬಂದುಹೋಗಿದ್ದಾರೆ. ಬಾಗಿಲಿಗೆ ಬಂದು 'ನನ್ನಿಂದ ಆಯಿತು' ಎಂದವರು ಅವರೊಬ್ಬರೇ. ಬರದೆ ಇದ್ದಿದ್ದರೆ, ಹುಳ ಕೊಂದ ಸೊಸೆ ಎಂಬ ಹೆಸರು ಹೊತ್ತೇ ನಾನು ಈ ಮನೆಯಲ್ಲಿ ಮುದುಕಿಯಾಗಬೇಕಿತ್ತು.

ಸುದ್ದಿ ಬಂದದ್ದು ಅವರದೇ ಫೋನಿನಿಂದ. "ಹೇಳಿ ಮೇಡಂ," ಎಂದೆ. ಮಾತಾಡಿದ್ದು ಅವರ ಅಕ್ಕ. ಬೆಳಗಿನ ಜಾವ ಹೋದರಂತೆ. "ನಿಮ್ಗೊಂದು ಮಾತು ಹೇಳು ಅಂದಿದ್ಲು," ಎಂದರು ಅಕ್ಕ, ಬಿಕ್ಕುತ್ತ. "ಮನೇಲಿ ಹುಳ ಇದ್ರೆ ಬರಬಾರ್ದಂತೆ ನೀವು. ಮೈಲಿಗೆಯಂತೆ. ಬೇಜಾರ್ ಮಾಡ್ಕೋಬೇಡ ಅಂತ ಹೇಳು ಅಂದ್ಲು."

ಹುಳ ಇದ್ದವು. ಅವತ್ತೇ ಹಣ್ಣಾಗುತ್ತಿದ್ದವು, ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕಾದ ದಿನ. ಹುಳ ಇರುವ ಮನೆಯವರು ಸಾವಿನ ಮನೆಗೆ ಹೋಗುವುದಿಲ್ಲ. ನನ್ನ ತವರಿನಲ್ಲಿ ದೊಡ್ಡಪ್ಪ ತೀರಿಕೊಂಡಾಗಲೂ ಅತ್ತೆ ನನ್ನನ್ನು ಕಳಿಸಿರಲಿಲ್ಲ. ನಾನು ಫೋನು ಇಟ್ಟು, ಮೇಡಂ ಹೋದರಂತೆ ಎಂದಷ್ಟೇ ಅತ್ತೆಗೆ ಹೇಳಿ ಹುಳ ಆರಿಸಲು ಕೂತೆ. ಕಣ್ಣು ಮಂಜಾಗಿ ಯಾವುದು ಹಣ್ಣು, ಯಾವುದು ಕಾಯಿ ಎಂದು ತಿಳಿಯುತ್ತಿರಲಿಲ್ಲ.

ಅತ್ತೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. "ಎದ್ದು ಸೀರೆ ಉಟ್ಕೊ. ಹೊತ್ತಾಗ್ತದೆ."

"ಹುಳ ಅತ್ತೆ?"

"ನಾನಿಲ್ವಾ?"

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ಅಂತ ಬಸ್ಸು ಬದಲಾಯಿಸಿಕೊಂಡು ಹೋದೆ. ಇನ್ನೂ ಎತ್ತಿರಲಿಲ್ಲ. ಮುಖ ಪುಟ್ಟದಾಗಿತ್ತು. ಪಾದ ಮುಟ್ಟಿ, ತಲೆಯ ಬಳಿ ಸ್ವಲ್ಪ ಹೊತ್ತು ಕೂತಿದ್ದೆ. ಹಳೆಯ ಪೈಲಟ್ ಬಂದಿದ್ದರು, ನೆಂಟರಿದ್ದರು, ಅಷ್ಟೆ.

ವಾಪಸ್ಸು ಬಂದಾಗ ಸಂಜೆಯಾಗಿತ್ತು. ಅತ್ತೆ ಹಿತ್ತಲಲ್ಲಿ ಬಿಸಿನೀರು ಕಾಯಿಸಿ ಇಟ್ಟಿದ್ದರು. ತಲೆಗೆ ಹೊಯ್ದುಕೊಂಡು ಬೇರೆ ಸೀರೆ ಉಟ್ಟು ಹುಳದ ಮನೆಗೆ ಹೋದೆ. ಮುಕ್ಕಾಲು ಪಾಲು ಹುಳಗಳನ್ನು ಅವರೊಬ್ಬರೇ ಚಂದ್ರಿಕೆಗೆ ಬಿಟ್ಟಿದ್ದರು. ಬೆನ್ನು ನೆಟ್ಟಗೆ ಮಾಡಲಾಗದೆ ಗೋಡೆ ಹಿಡಿದು ನಿಂತಿದ್ದರು. ನಾನು ಪಕ್ಕದಲ್ಲಿ ಕೂತು ಉಳಿದವನ್ನು ಆರಿಸತೊಡಗಿದೆ.

ಕೊನೆಯ ತಟ್ಟೆಗೆ ಬಂದಾಗ ಅತ್ತೆ ಕೇಳಿದರು: "ಆ ಬೆಂಗಳೂರಿನೋರು ಬಂದಿದ್ರಾ, ಕಾರಿನೋರು?"

"ಇಲ್ಲ ಅತ್ತೆ. ಯಾರೂ ಬಂದಿರ್ಲಿಲ್ಲ."

"ನಾವ್ ಹೋದ್ವಲ್ಲ, ಬಿಡು," ಎಂದರು ಅತ್ತೆ.