ತೀರ್ಥದ ಬಾವಿ

ನಮ್ಮ ಬೀದಿಯ ಕೊನೆಗೆ ಕೊಳಚೆ ನೀರು ಶುದ್ಧೀಕರಿಸುವ ಘಟಕವಿದೆ. ಹಾಗಾಗಿ ಕುಡಿಯಲು, ಅಡುಗೆಗೆ ನಾವು ಕ್ಯಾನ್ ನೀರನ್ನೇ ತರಿಸುತ್ತೇವೆ. ದೇವರ ತೀರ್ಥಕ್ಕೆ ಮಾತ್ರ ಅಮ್ಮ ಹಿತ್ತಲ ಬಾವಿಯಿಂದ ನೀರು ಸೇದುತ್ತಾಳೆ.

“ಕ್ಯಾನನ್ನ ಯಾರ್ಯಾರು ಮುಟ್ಟಿರ್ತಾರೋ. ಪೆರುಮಾಳ್‌ಗೆ ಅದು ಆಗತ್ತೇನೋ?”

ಹೋದ ವರ್ಷ ಮಗಳಿಗೆ ಮತ್ತೆ ಮತ್ತೆ ಹೊಟ್ಟೆನೋವು ಬರತೊಡಗಿದಾಗ ನಾನು ನೀರನ್ನು ಪರೀಕ್ಷೆಗೆ ಕೊಟ್ಟೆ. ದೋಷವಿಲ್ಲ ಎಂದು ವರದಿ ಬಂತು. ರಸಾಯನಶಾಸ್ತ್ರ ಓದಿದ ನಾನು ಅದನ್ನು ನಂಬಿದೆ. ನೋವು ನಿಲ್ಲಲಿಲ್ಲ.

ಪರೀಕ್ಷೆಗೆಂದು ಬಾವಿಕಟ್ಟೆಗೆ ಒರಗಿ ಸೀಸೆ ತುಂಬಿದ್ದು, ಕೈಗೆ ತಣ್ಣಗೆ ತಾಗಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಮೊನ್ನೆ ಹಾಗೆಂದಾಗ ಹೆಂಡತಿ ನಕ್ಕಳು.

“ಯಾವ ಬಾವಿ ರೀ? ಕ್ಯಾನ್ ಬಗ್ಗಿಸಿ ಕೊಟ್ಟಿದ್ದು ನಾನೇ. ಕುಡಿಯೋ ನೀರು ಟೆಸ್ಟ್ ಮಾಡಿಸ್ಬೇಕು ಅಂದ್ರಿ. ನಾವು ಕುಡಿಯೋದು ಕ್ಯಾನ್ ನೀರು ತಾನೆ?”

ತೀರ್ಥವನ್ನು ಕುಡಿಯುವ ನೀರೆಂದು ನಮ್ಮಲ್ಲಿ ಯಾರೂ ಎಣಿಸಿರಲಿಲ್ಲ. ಆ ತಣ್ಣನೆಯ ನೆನಪು ಎಲ್ಲಿಂದ ಬಂತೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದೆ. ಮೇ ತಿಂಗಳು, ತಿಂಗಳುಗಳಿಂದ ಮಳೆಯಿಲ್ಲ. ಅಕ್ಕಪಕ್ಕದ ಬಾವಿಗಳೆಲ್ಲ ಬತ್ತಿದ್ದವು. ನಮ್ಮದರಲ್ಲಿ ನೀರು ಕಟ್ಟೆಯವರೆಗೆ ಏರಿ ಅಲುಗದೆ ನಿಂತಿತ್ತು. ವಾಸನೆಯೇ ಇರಲಿಲ್ಲ. ಅಮ್ಮ ಹಗ್ಗವಿಲ್ಲದೆ ಬಗ್ಗಿ ಚೊಂಬು ಅದ್ದಿದಳು.

“ನೋಡಿದ್ಯಾ? ಪೆರುಮಾಳ್ ನಮಗೇಂತ ಏರಿಸ್ತಿದಾನೆ.”

ಪೂಜೆಯಾದ ಮೇಲೆ ಮಗಳು ಅಂಗೈ ಚಾಚಿದಳು. ಉದ್ಧರಣೆ ಬಾಗುವಷ್ಟರಲ್ಲಿ ನನ್ನ ಕೈಯನ್ನು ಅವಳ ಕೈಯ ಮೇಲೆ ಅಡ್ಡ ಹಿಡಿದೆ. ನೀರು ನನ್ನ ಅಂಗೈಗೆ ಬಿತ್ತು. ನೆನಪಿನಲ್ಲಿದ್ದಷ್ಟೇ ತಣ್ಣಗಿತ್ತು.