ತಾಟು ಬಿಟ್ಟು ಎದ್ದವರು

ಬೈಲಹೊಂಗಲದಿಂದ ಸವದತ್ತಿಗೆ, ಅಲ್ಲಿಂದ ರಾಮದುರ್ಗಕ್ಕೆ ಬಸ್ಸು ಹತ್ತಿಳಿಯುತ್ತ, ಕೋರ್ಟು ಚಿಕಿತ್ಸೆಗೆಂದು ಕಳಿಸಿದವರ ಜೊತೆ ಮಾತನಾಡುವುದು ನನ್ನ ಕೆಲಸ. ತಲೆ ಕೆಟ್ಟಿದ್ದ ಹೊತ್ತಿನಲ್ಲಿ ಯಾರನ್ನೋ ಹೊಡೆದವರು, ಕಡಿದವರು. ಔಷಧಿ ಡಾಕ್ಟರು ಕೊಡುತ್ತಾರೆ. ಸಿಟ್ಟನ್ನು ಏನು ಮಾಡಬೇಕೆಂದು ಹೇಳಿಕೊಡುವವಳು ನಾನು. ನನ್ನ ಸಿಟ್ಟೇ ಮೂಗಿನ ತುದಿಯಲ್ಲಿದೆ ಎಂದು ಮನೆಯವರು ನಗುತ್ತಾರೆ, ಅದು ಬೇರೆ ಮಾತು.

ಸಾಲಹಳ್ಳಿ ಕಡೆಯ ಒಬ್ಬ ರೈತ ತನ್ನ ತಾಯಿಯ ಜೊತೆ ಬರುತ್ತಿದ್ದ. ಕಿವಿಯಲ್ಲಿ ಯಾರ್‍ಯಾರೋ ಮಾತನಾಡುತ್ತಿದ್ದ ದಿನಗಳಲ್ಲಿ ಅವನು ಒಡಹುಟ್ಟಿದ ಅಣ್ಣನ ಬಲಗೈಗೇ ಕುಡಗೋಲು ಬೀಸಿದ್ದ. ಗುಳಿಗೆಯಿಂದ ಆ ದನಿಗಳು ನಿಂತವು, ಸಿಟ್ಟು ನಿಲ್ಲಲಿಲ್ಲ. ಇನ್ನೊಮ್ಮೆ ಕೈ ಎತ್ತಿದರೆ ಮತ್ತೆ ಜೈಲು. ಇಷ್ಟಾದರೂ ಅಣ್ಣ ಅವನನ್ನು ಮನೆಯಲ್ಲೇ ಇಟ್ಟುಕೊಂಡಿದ್ದ.

"ಸಿಟ್ಟು ಬಂತಂದ್ರ ಅಲ್ಲಿ ನಿಂದರಬ್ಯಾಡಪಾ. ಎದ್ದು ಹೊರಗ ಹೋಗು, ಇಳದ ಮ್ಯಾಲ ಬಾ," ಎಂದು ಹೇಳಿಕೊಟ್ಟೆ.

"ಹೂನ್ರಿ ಅಕ್ಕಾರ," ಎಂದು ಹೋದ.

ಮುಂದಿನ ಸಲ ತಾಯಿ ಒಬ್ಬಳೇ ಬಂದಳು. "ನೀವು ಹೇಳಿದಂಗ ಮಾಡಿದ್ನರಿ. ಹಿರೇ ಸೊಸಿ ನೀಡಿದ ರೊಟ್ಟಿ ಹಂಗ ಬಿಟ್ಟು ಎದ್ದು ಹೊಂಟ. ನನ್ನ ಕೈಯಾಗಿನ ಅನ್ನ ಬ್ಯಾಡಾತೇನ ಅಂತ ಆಕಿ ಅಳಾಕ ಹತ್ತಿದ್ಲು. ದೊಡ್ಡಾಂವ ಬಾಗಲಕ್ಕ ಅಡ್ಡ ನಿಂತ. ಓಣಿ ಮಂದಿ ಬಂದು ಬಿಡಸಿದ್ರು."

ಉಣ್ಣುವ ತಾಟು ಬಿಟ್ಟು ಏಳುವುದೆಂದರೆ ನಮ್ಮ ಕಡೆ ಬಡಿಸಿದವಳ ಮುಖಕ್ಕೆ ಹೊಡೆದಂತೆ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಅದು ಹೊಳೆದಿರಲಿಲ್ಲ. ನನ್ನ ಮೇಲೆ ನಾನೇ ಉರಿದುಕೊಂಡು ಅವರ ಮನೆಗೆ ಹೋದೆ.

ಊಟಕ್ಕೆ ಕೂರಿಸಿದರು. ಒಲ್ಲೆ ಎನ್ನುವ ಧೈರ್ಯ ನನಗಿರಲಿಲ್ಲ. ಅಣ್ಣನ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಹೆಂಡತಿ ರೊಟ್ಟಿ ಮುರಿದುಕೊಡಲು ಬಂದರೆ ಬೇಡವೆಂದ. ಎಡಗೈಯಿಂದ ಅದುಮಿದಾಗ ಒಣ ರೊಟ್ಟಿ ಜಾರಿ ನೆಲಕ್ಕೆ ಬಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ತಮ್ಮ ಅಣ್ಣನ ಬಲಗೈಯನ್ನೇ ನೋಡುತ್ತಿದ್ದ. ಅವನ ದವಡೆ ಬಿಗಿದಿತ್ತು.

"ಇದನ್ನ ನೋಡಿದಾಗ ಬರತೈತ್ರಿ ಸಿಟ್ಟು," ಎಂದ ಮೆಲ್ಲಗೆ. "ಯಾರ ಮ್ಯಾಲ ಅನ್ನೂದ ತಿಳೀವಲ್ದು."

ನನಗೆ ತಿಳಿಯಿತು: ಅವನ ಸಿಟ್ಟು ಅವನ ಮೇಲೆಯೇ.

ಅವನೇ ಬುಟ್ಟಿಯಿಂದ ಬೇರೆ ರೊಟ್ಟಿ ತೆಗೆದು, ಸಣ್ಣಗೆ ಮುರಿದು, ಅಣ್ಣನ ತಾಟಿಗೆ ಹಾಕಿದ.

"ನಾ ಏನು ಕೂಸೇನಲೇ? ಈ ಕೈ ಯಾರು ಮಾಡಿದ್ದು?" ಅಣ್ಣ ತಾಟು ನೂಕಿ, ಎದ್ದು ಹೊರಗೆ ನಡೆದ.

ಅತ್ತಿಗೆ ಪಲ್ಯದ ಪಾತ್ರೆ ಹಿಡಿದು ನಿಂತೇ ಇದ್ದಳು. ತಾಯಿ ಗೋಡೆಗೆ ಒರಗಿದಳು. ನಾನು ಹೆದರಿ ತಮ್ಮನ ಮುಷ್ಟಿಗಳನ್ನೇ ನೋಡಿದೆ. ಅವು ಮೊಣಕಾಲು ಬಿಟ್ಟು ಮೇಲೇಳಲಿಲ್ಲ.

"ಕುಂದರ್ರಿ ವೈನಿ," ಎಂದ. "ಅಣ್ಣಾಗ ಸಿಟ್ಟು ಬಂದೈತಿ. ಹೊರಗ ಹೋಗ್ಯಾನ. ಇಳದ ಮ್ಯಾಲ ಬರತಾನ."

ಅಣ್ಣನ ತಾಟನ್ನು ಹತ್ತಿರ ಎಳೆದು, ಮೇಲೆ ಇನ್ನೊಂದು ತಾಟು ಮುಚ್ಚಿಟ್ಟ. ನನ್ನ ಬಸ್ಸಿನ ಹೊತ್ತಾದರೂ ಅಣ್ಣ ಬಂದಿರಲಿಲ್ಲ. ಇವನು ತುತ್ತು ಮುಟ್ಟದೆ ಕೂತೇ ಇದ್ದ.